ಆರನೇ ಹೆಸರು

ಮಧ್ಯಾಹ್ನದ ಪಾತ್ರೆ ಯಾರು ತೊಳೆಯಬೇಕು ಎಂಬ ವಿಷಯಕ್ಕೆ ಜಾವಳಿಯ ದೇವರಾಜರ ಮನೆಯಲ್ಲಿ ಆ ವಾರವೂ ಮಾತಿಗೆ ಮಾತು ಬೆಳೆಯಿತು. ಊಟ ಮುಗಿದಿತ್ತು. ಗಂಡಸರು ಕೈ ತೊಳೆದುಕೊಂಡು ಜಗಲಿಗೆ ಹೋಗಿದ್ದರು. ಪಾತ್ರೆಯ ವಿಷಯ ಅವರಿಗೆ ಯಾವತ್ತೂ ಸಂಬಂಧಪಟ್ಟದ್ದಲ್ಲ. ಕಿರಿಸೊಸೆ ಕವನಾ ಲ್ಯಾಪ್‌ಟಾಪ್ ಎತ್ತಿಕೊಂಡು ಕಿಟಕಿಯ ಹತ್ತಿರ ಕೂರಲು ಹೊರಟಾಗ ಹಿರಿಸೊಸೆ ಶಾಲಿನಿ ತಟ್ಟೆಗಳನ್ನು ಸದ್ದಾಗುವಂತೆ ಒಂದರ ಮೇಲೊಂದು ಪೇರಿಸಿದಳು.

"ನಿನ್ನ ಕ್ಲಾಸು ಮುಗಿಯೋದು ಯಾವಾಗ ಕವನಾ? ನನ್ನ ಕೈ ಸವೆಯೋದ್ರೊಳಗೆ ಮುಗಿಯುತ್ತಾ?"

"ರಾತ್ರಿ ಪಾತ್ರೆ ನಾನೇ ತೊಳೀತಿದೀನಲ್ಲ ಅಕ್ಕ."

"ರಾತ್ರಿ ಬರೀ ತಟ್ಟೆ, ಲೋಟ. ಮಧ್ಯಾಹ್ನ ಸಾರಿನ ಪಾತ್ರೆ, ಅನ್ನದ ಪಾತ್ರೆ, ಹಾಲಿನ ಪಾತ್ರೆ, ತೋಟದಿಂದ ಬಂದ ಚಾ ಕ್ಯಾನು. ಎರಡೂ ಒಂದೇನಾ?"

ಅತ್ತೆ ವಿಮಲಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ನಾನು ಈ ಮನೆಗೆ ಬಂದಾಗ ಇಡೀ ಮನೆ ಪಾತ್ರೆ ಒಬ್ಳೇ..." ಎಂದು ಶುರುಮಾಡಿದರು.

"ಗೊತ್ತು ಅತ್ತೆ" ಎಂದು ಇಬ್ಬರೂ ಸೊಸೆಯರು ಒಟ್ಟಿಗೇ ಅಂದರು. ಅಷ್ಟರ ಮಟ್ಟಿಗೆ ಅವರಲ್ಲಿ ಒಗ್ಗಟ್ಟಿತ್ತು.

ಕವನಾ ಬಿ.ಕಾಂ. ಓದಿದವಳು. ಮದುವೆಯಾದ ಮೇಲೆ ಸುಮ್ಮನೆ ಕೂತಳು ಎನ್ನುವ ಹಾಗಿಲ್ಲ, ಈ ಮನೆಯಲ್ಲಿ ಸುಮ್ಮನೆ ಕೂರಲು ಯಾರಿಗೂ ಜಾಗವೇ ಇಲ್ಲ. ಆದರೆ ತನ್ನದು ಅಂತ ಒಂದು ಕೆಲಸ ಬೇಕು ಎಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ. ಚಿಕ್ಕಮಗಳೂರಿನಲ್ಲಿ ಗಿರಿ ಎಂಬವರು ಹೋಂಸ್ಟೇಗಳಿಗೆ, ಕಾಫಿ ವ್ಯಾಪಾರಿಗಳಿಗೆ ಪ್ರೋಗ್ರಾಂ ಬರೆದುಕೊಡುವ ಒಂದು ಸಣ್ಣ ಆಫೀಸು ಇಟ್ಟಿದ್ದರು. ದೀಪಾವಳಿ ಕಳೆದ ಮೇಲೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು, ಮಿಕ್ಕಿದ್ದು ಮನೆಯಿಂದಲೇ ಮಾಡಬಹುದು ಎಂದು ಗಂಡ ಮೋಹಿತ್ ಸುದ್ದಿ ತಂದಿದ್ದ. ಮೂಡಿಗೆರೆಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಗಿರಿ ಹಳೇ ಗಿರಾಕಿ. ಅಂದಿನಿಂದ ಕವನಾ ದಿನಾ ಮಧ್ಯಾಹ್ನ ವೀಡಿಯೋ ಪಾಠ ನೋಡಿಕೊಂಡು ಪ್ರೋಗ್ರಾಮಿಂಗ್ ಕಲಿಯತೊಡಗಿದ್ದಳು.

ಮಾವ ದೇವರಾಜರು ಬೇಡ ಅನ್ನಲಿಲ್ಲ. "ಕಾಫಿ ಹಣ್ಣು ಕೊಯ್ಲು ಶುರುವಾಗೋವರೆಗೆ ನಿನ್ನಿಷ್ಟ" ಅಂದಿದ್ದರು. "ಅಷ್ಟರೊಳಗೆ ಕೆಲಸ ಸಿಕ್ಕಿದ್ರೆ ಸಿಕ್ತು. ಕೊಯ್ಲು ಬಂದ್ಮೇಲೆ ಈ ಮನೇಲಿ ಯಾರಿಗೂ ಪುರುಸೊತ್ತಿರಲ್ಲ. ಆ ಪೆಟ್ಟಿಗೆ ಮುಚ್ಚಿಡಬೇಕು." ಅವರೇನು ಕೆಟ್ಟ ಮನುಷ್ಯರಲ್ಲ. ತಾವು ಆಡಿದ ಮಾತು ತಮಗೇ ಬಹಳ ನ್ಯಾಯವಾಗಿ ಕಾಣುವ ಜಾತಿಯವರು, ಅಷ್ಟೆ.

ವೀಡಿಯೋ ಪಾಠಗಳೆಲ್ಲ ಮುಗಿದವು ಎಂಬ ಧೈರ್ಯದಲ್ಲಿ ಕವನಾ ಒಂದು ದಿನ ಗಿರಿಯವರ ಆಫೀಸಿಗೆ ಹೋದಳು. ಅವರು ಹೆಚ್ಚೇನೂ ಕೇಳಲಿಲ್ಲ. ಖಾಲಿ ಪರದೆಯೊಂದನ್ನು ಅವಳ ಮುಂದೆ ತಿರುಗಿಸಿ, "ಹತ್ತು ಹೆಸರಿರೋ ಪಟ್ಟಿ ಇದೆ ಅಂದ್ಕೊಳ್ಳಿ. ಅದರಲ್ಲಿ ಎರಡು ಸಲ ಬಂದ ಹೆಸರು ಯಾವುದು ಅಂತ ಹುಡುಕೋಕೆ ಬರೀರಿ" ಎಂದರು. ಪಾಠದಲ್ಲಿ ಇದನ್ನು ಮಾಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ಪಾಠದವನು ಬರೆದದ್ದನ್ನು ನೋಡಿ ತಾನೂ ಬರೆದಿದ್ದಳೇ ಹೊರತು, ಮೊದಲ ಸಾಲು ಯಾಕೆ ಮೊದಲು ಬರಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕೈ ಓಡಲಿಲ್ಲ. ಅವಳಿಗೆ ಅಳುವೇ ಬಂತು.

ಗಿರಿ ಕಾಫಿ ತರಿಸಿದರು. "ನೋಡಿ ಕಲಿಯೋದು ಸಾಕು ಇನ್ನು. ಒಂದು ಸಣ್ಣ ಪ್ರೋಗ್ರಾಂ ನೀವೇ ಬರೀರಿ. ದಿನಾ ಬಳಸೋಂಥದ್ದು, ಬಳಸಿದವರು ನಿಮ್ಮನ್ನ ಬೈಯೋಂಥದ್ದು ಆಗಿರಬೇಕು. ಬೈದದ್ದನ್ನ ಸರಿಮಾಡ್ತಾ ಹೋಗಿ. ದೀಪಾವಳಿ ಆದ್ಮೇಲೆ ಬನ್ನಿ."

ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳು ಯೋಚಿಸಿದ್ದು ಒಂದೇ. ಬೈಯುವವರಿಗೇನು ಬರ? ಮನೆ ತುಂಬ ಇದ್ದಾರೆ.

ಅಂದು ಕಡುಬು ಬೇಯುತ್ತಿರುವಾಗಲೇ ಅವಳು ಶಾಲಿನಿಯ ಹತ್ತಿರ ಮಾತೆತ್ತಿದಳು. "ಅಕ್ಕ, ಪಾತ್ರೆ, ಅಡುಗೆ, ಕೊಟ್ಟಿಗೆ ಎಲ್ಲಕ್ಕೂ ಸರದಿ ಮಾಡೋಣ. ಯಾರಿಗೂ ಹೆಚ್ಚು ಕಮ್ಮಿ ಆಗಬಾರದು. ದಿನಾ ಬೆಳಿಗ್ಗೆ ಯಾರಿಗೆ ಯಾವ ಕೆಲಸ ಅಂತ ಕಂಪ್ಯೂಟರೇ ಹೇಳುತ್ತೆ."

"ಕೊಟ್ಟಿಗೆ ಸಗಣೀನೂ ಅದೇ ತೆಗೆಯುತ್ತಾ?" ಎಂದಳು ಶಾಲಿನಿ. ಆದರೂ ಬೇಡ ಅನ್ನಲಿಲ್ಲ.

ಹತ್ತು ಸಾಲು ಬರೆಯಲು ಕವನಾಗೆ ಎರಡು ಮಧ್ಯಾಹ್ನ ಹಿಡಿಯಿತು. ಒಂದು ಕಡೆ ಆವರಣ ಚಿಹ್ನೆ ಬಿಟ್ಟುಹೋಗಿತ್ತು, ಇನ್ನೊಂದು ಕಡೆ ಸಾಲು ಒಂದಿಷ್ಟು ಒಳಗೆ ಸರಿದಿತ್ತು. ಪರದೆಯ ಮೇಲೆ ಕೆಂಪು ಅಕ್ಷರ ಬಂದಾಗಲೆಲ್ಲ ಮೊದಮೊದಲು ಹೆದರಿ ಮುಚ್ಚಿಬಿಡುತ್ತಿದ್ದಳು. ಆಮೇಲೆ ಗೊತ್ತಾಯಿತು, ತಪ್ಪು ಯಾವ ಸಾಲಿನಲ್ಲಿದೆ ಎಂದು ಆ ಕೆಂಪು ಅಕ್ಷರವೇ ಹೇಳುತ್ತಿದೆ, ಓದುವ ತಾಳ್ಮೆ ಇರಬೇಕು ಅಷ್ಟೆ. ಸರದಿ ಶುರುವಾಯಿತು. ಪ್ರೋಗ್ರಾಂ ಕೊಟ್ಟದ್ದನ್ನು ಅವಳು ದಿನಾ ಬೆಳಿಗ್ಗೆ 'ಜಾವಳಿ ಮನೆ' ಎಂಬ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದಳು. ಆ ಗ್ರೂಪಿನಲ್ಲಿ ಮನೆಯವರಲ್ಲದೆ ಚಿಕ್ಕಪ್ಪಂದಿರು, ಬೀಗರು, ಎಲ್ಲರೂ ಇದ್ದರು. ಹೊಸದಾಗಿ ಕಲಿತವರ ಹುಮ್ಮಸ್ಸು, ನಾಲ್ಕು ಜನ ನೋಡಲಿ ಅನ್ನಿಸಿತ್ತು.

ವಾರ ಕಳೆಯುವುದರೊಳಗೆ ಮೊದಲ ಬೈಗುಳ ಬಂತು. "ನಿನ್ನ ಸರದೀಲಿ ಅತ್ತೆ ಹೆಸರೇ ಇಲ್ಲ. ಒಂದು ದಿನ ನೀನು, ಒಂದು ದಿನ ನಾನು. ಇದಕ್ಕೆ ಕಂಪ್ಯೂಟರ್ ಯಾಕೆ ಬೇಕು?" ಎಂದಳು ಶಾಲಿನಿ.

ಹೌದಲ್ಲ ಎಂದು ಕವನಾ ನೋಡಿದಳು. ಪಟ್ಟಿಯಲ್ಲಿ ಅತ್ತೆಯ ಹೆಸರು ಮೊದಲನೆಯದು. ಕಂಪ್ಯೂಟರು ಎಣಿಸುವುದು ಸೊನ್ನೆಯಿಂದ. ಇವಳು ಒಂದರಿಂದ ಎಣಿಸಲು ಹೇಳಿದ್ದಳು. ಅತ್ತೆ ಸೊನ್ನೆಯಲ್ಲೇ ಉಳಿದುಬಿಟ್ಟಿದ್ದರು.

"ಇರಲಿ ಬಿಡು, ಒಳ್ಳೇ ಕಂಪ್ಯೂಟರ್ ಅದು, ಹಿರಿಯರು ಅಂದ್ರೆ ಗೌರವ ಇದೆ" ಎಂದರು ವಿಮಲಮ್ಮ. ಕವನಾ ಅದನ್ನು ಸರಿಮಾಡಿದಳು.

ಆಮೇಲಿನದು ನಗುವ ವಿಷಯವಾಗಿರಲಿಲ್ಲ. ಆ ಮನೆಯಲ್ಲಿ ಹೆಂಗಸರು ತಿಂಗಳಿಗೊಮ್ಮೆ ಹೊರಗಾದರೆ ಮೂರು ದಿನ ಅಡುಗೆಮನೆಗೆ ಬರುವುದಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಅತ್ತೆಗೆ ತಾನಾಗಿ ತಿಳಿಯುತ್ತದೆ, ಅಡುಗೆ ಅವರೇ ಮಾಡುತ್ತಾರೆ. ಶಾಲಿನಿ ಹೊರಗಾದ ದಿನವೇ ಪ್ರೋಗ್ರಾಂ 'ಅಡುಗೆ: ಶಾಲಿನಿ' ಎಂದಿತು. "ನಿನ್ನ ಕಂಪ್ಯೂಟರಿಗೆ ಮನೆ ರೀತಿ ಗೊತ್ತಿಲ್ಲ" ಎಂದು ಗೊಣಗುತ್ತಾ ವಿಮಲಮ್ಮ ಒಲೆಯ ಮುಂದೆ ನಿಂತರು. ಕವನಾ ಅಂದು ಮಧ್ಯಾಹ್ನವೇ ಕೂತು ತಿದ್ದಿದಳು. ಒಬ್ಬರಿಗೆ ಆಗದಿದ್ದರೆ ಮುಂದಿನವರಿಗೆ ಹೋಗಬೇಕು, ತಪ್ಪಿದ ಸರದಿ ಮರುದಿನಕ್ಕೂ ಅವರ ಹೆಸರಲ್ಲೇ ಉಳಿಯಬೇಕು, ಯಾಕೆ ಹೋಯಿತು ಎನ್ನುವುದೂ ತಿಳಿಯಬೇಕು. ಶಾಲಿನಿಯ ಕಾರಣವನ್ನೂ ತುಂಬಿ ನೋಡಿದಾಗ ತಿದ್ದಿದ್ದು ಸಲೀಸಾಗಿ ಓಡಿತು, ಅವಳಿಗೆ ತನ್ನ ಮೇಲೇ ಮೆಚ್ಚುಗೆಯಾಯಿತು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಬಂದದ್ದನ್ನು ಓದಿಯೂ ನೋಡದೆ ಗ್ರೂಪಿಗೆ ಕಳಿಸಿದಳು.

'ಅಡುಗೆ: ವಿಮಲಮ್ಮ. ಕಾರಣ: ಶಾಲಿನಿ ಹೊರಗೆ.'

ಹಾಲು ಉಕ್ಕುವುದರೊಳಗೆ ಶಾಲಿನಿಯ ಅಪ್ಪ ಪುಟ್ಟಸ್ವಾಮಿಯವರು ಸಂಸೆಯಿಂದ ಫೋನು ಮಾಡಿದರು. ಚಿಕ್ಕಪ್ಪನ ಮಗ ಒಬ್ಬ ನಗುವ ಮುಖದ ಚಿತ್ರ ಹಾಕಿದ್ದ. ಕವನಾ ಅಳಿಸಿಹಾಕಿದಳು. ಆದರೆ ನೋಡಿದವರ ಕಣ್ಣಿಂದ ಅಳಿಸುವುದು ಹೇಗೆ?

ಶಾಲಿನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೂಗಾಡಲಿಲ್ಲ. "ನಮ್ಮಪ್ಪ ಫೋನ್ ಮಾಡಿ ಏನೂ ಹೇಳಲಾರದೆ ಇಟ್ಟುಬಿಟ್ರು ಕವನಾ. ನಾನು ಅವರ ಮುಖ ಹೇಗೆ ನೋಡಲಿ?" ಎಂದು ಅಳತೊಡಗಿದಳು. ಅವಳ ಗಂಡ ರಾಜೇಶ್ ತೋಟಕ್ಕೆ ಹೊರಟವನು ಗಮ್‌ಬೂಟು ಕಳಚಿ ಮೂಲೆಗೆ ಎಸೆದ.

"ತಪ್ಪಾಯ್ತು ಅಕ್ಕ. ಬೇಕಂತ ಮಾಡಿದ್ದಲ್ಲ."

"ಬೇಕಂತ ಮಾಡಿದ್ರೆ ಬೈದು ಸುಮ್ಮನಾಗಬಹುದಿತ್ತು."

ದೇವರಾಜರು ಜಗಲಿಯಿಂದಲೇ ಅಂದರು, "ಮೋಹಿತ, ಆ ಪೆಟ್ಟಿಗೆ ಎತ್ತಿ ಬೀರುವಿನ ಮೇಲಿಡು. ಕೊಯ್ಲಿನವರೆಗೂ ಕಾಯೋದು ಬೇಡ."

"ಅಪ್ಪ, ಒಂದು ತಪ್ಪಿಗೆ..."

"ಒಂದು ತಪ್ಪಾ ಇದು? ಮನೆ ಒಳಗಿನ ಮಾತು ಊರಿಗೆ ಹೋಯ್ತು ಮಾರಾಯ."

ಮೋಹಿತ್ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಲ್ಯಾಪ್‌ಟಾಪ್ ಎತ್ತಿ ಬೀರುವಿನ ಮೇಲಿಟ್ಟ. ಒಳ್ಳೆಯ ಹುಡುಗನೇ. ಆದರೆ ಅಪ್ಪನೆದುರು ಅವನ ಬೆನ್ನುಮೂಳೆ ಸ್ವಲ್ಪ ಮೆತ್ತಗಾಗುತ್ತಿತ್ತು.

ಕೆಲವು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಮಧ್ಯಾಹ್ನದ ಪಾತ್ರೆ ಈಗ ಕವನಾ ತೊಳೆಯುತ್ತಿದ್ದಳು. ಯಾರೂ ಹೇಳಿರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು, ಗಿರಿಯವರ ಮುಂದೆ ಮತ್ತೆ ಬರಿಗೈಯಲ್ಲಿ ನಿಲ್ಲಬೇಕಲ್ಲ ಎಂಬ ಸಂಕಟ ಅವಳಿಗೆ. ಅದಕ್ಕಿಂತ ಹೆಚ್ಚು ಸಂಕಟ ಶಾಲಿನಿ ಮಾತು ಬಿಟ್ಟದ್ದು. ಒಂದು ಮಧ್ಯಾಹ್ನ ಶಾಲಿನಿ ತಾನಾಗಿ ಬಂದು ಪಕ್ಕದಲ್ಲಿ ಕೂತು ತಟ್ಟೆ ತೊಳೆಯತೊಡಗಿದಳು.

"ಕಾರಣ ಯಾಕೆ ಬೇಕಿತ್ತು ಅದಕ್ಕೆ?" ಎಂದು ಕೇಳಿದಳು, ಮುಖ ನೋಡದೆ.

"ಏನಕ್ಕ?"

"ನಿನ್ನ ಕಂಪ್ಯೂಟರಿಗೆ. ಆಗಲ್ಲ ಅಂದ್ರೆ ಆಗಲ್ಲ. ಯಾಕೆ ಆಗಲ್ಲ ಅಂತ ಅದು ಯಾಕೆ ಕೇಳಬೇಕು? ನನ್ನ ಗಂಡನೇ ಕೇಳಲ್ಲ."

ಕವನಾ ಕೈ ನಿಲ್ಲಿಸಿದಳು. ಕಾರಣ ಬರೆಯುವುದನ್ನು ಪಾಠದವನೂ ಹೇಳಿಕೊಟ್ಟಿರಲಿಲ್ಲ, ಗಿರಿಯವರೂ ಹೇಳಿರಲಿಲ್ಲ. ತನಗೆ ಬರುತ್ತದೆ ಎಂದು ತೋರಿಸಲು ತಾನೇ ಸೇರಿಸಿದ್ದು. "ಬೇಕಿರಲಿಲ್ಲ ಅಕ್ಕ" ಎಂದಳು. "ಮತ್ತೆ ಬರೆಯೋದಾದ್ರೆ ಹೇಗಿರಬೇಕು, ನೀವೇ ಹೇಳಿ."

"ಒಂದು ಬಟನ್ ಇರಲಿ. 'ಇವತ್ತು ಆಗಲ್ಲ' ಅಂತ. ಒತ್ತಿದವರ ಹೆಸರು ಯಾರಿಗೂ ಕಾಣಬಾರದು. ಮತ್ತೆ ಆ ಸುಡುಗಾಡು ಗ್ರೂಪು ಬೇಡ." ಸ್ವಲ್ಪ ತಡೆದು, "ಯಾರು ಮಾಡಿ ಬಹಳ ದಿನ ಆಯ್ತೋ ಅವರಿಗೆ ಮೊದಲು ಬರಲಿ. ಆಗ ತಪ್ಪಿಸ್ಕೊಂಡೋರು ತಪ್ಪಿಸ್ಕೊಂಡೇ ಇರಕ್ಕಾಗಲ್ಲ" ಎಂದಳು.

ಲ್ಯಾಪ್‌ಟಾಪನ್ನು ಬೀರುವಿನಿಂದ ಇಳಿಸಿಕೊಟ್ಟದ್ದೂ ಶಾಲಿನಿಯೇ. ಮಾವ ನೋಡಿದರು. ಯಾರ ಮಾನ ಹೋಗಿತ್ತೋ ಅವಳೇ ಇಳಿಸಿಕೊಟ್ಟ ಮೇಲೆ ಅವರು ಏನೆಂದಾರು? "ಕೊಯ್ಲಿನವರೆಗೆ" ಎಂದು ಮಾತ್ರ ನೆನಪಿಸಿದರು.

ಈ ಸಲ ಕವನಾ ಹಳೆಯದನ್ನು ತಿದ್ದಲು ಹೋಗಲಿಲ್ಲ, ಪೂರ್ತಿ ಅಳಿಸಿ ಮೊದಲಿನಿಂದ ಬರೆದಳು. ಮೊದಲು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಂಡಳು, ಏನು ಮೊದಲು, ಏನು ಆಮೇಲೆ ಎಂದು. ಆಮೇಲೆ ಒಂದೊಂದೇ ಭಾಗ ಬರೆದು, ಓಡಿಸಿ ನೋಡಿ, ಸರಿಯಾದ ಮೇಲೆ ಮುಂದಿನದು. ಫೋನಿನಲ್ಲಿ ತೆರೆಯುವ ಪುಟ ಮಾಡುವುದು ಗೊತ್ತಿರಲಿಲ್ಲ, ಅದಕ್ಕೆ ಬೇಕಾದಷ್ಟೇ ಹುಡುಕಿ ಓದಿದಳು. ಅರ್ಧ ದಾರಿಗೆ ಬಂದಾಗ ಗಮನಕ್ಕೆ ಬಂತು, ಇಷ್ಟು ದಿನ ಒಂದೂ ವೀಡಿಯೋ ತೆರೆದಿಲ್ಲ. ಅವಳಿಗೆ ಬಹಳ ಸಂತೋಷವಾಯಿತು, ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದಳು.

ಪುಟ ಮನೆಯವರ ಫೋನಿನಲ್ಲಿ ಮಾತ್ರ ತೆರೆಯುತ್ತಿತ್ತು. ಸರದಿ ಮೂವರು ಹೆಂಗಸರದ್ದು, ನೋಡುವುದು ಎಲ್ಲರೂ. ದೇವರಾಜರಂತೂ ಬೆಳಿಗ್ಗೆ ಎದ್ದವರೇ ನೋಡುತ್ತಿದ್ದರು. ಶಾಲಿನಿಯಾದರೆ ಕಡುಬು, ಕವನಾ ಆದರೆ ಅಕ್ಕಿರೊಟ್ಟಿ ಎಂದು ಅವರಿಗೆ ಲೆಕ್ಕ.

ಬಟನ್ ಮೊದಲು ಒತ್ತಿದ್ದು ವಿಮಲಮ್ಮ. ಸರದಿ ಅವರದಿರಬೇಕಾದ ದಿನ ಕವನಾಳ ಹೆಸರು ಬಂದದ್ದು ನೋಡಿ ಅವಳು ಓಡಿಬಂದಳು. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಯಾಕತ್ತೆ, ಹುಷಾರಿಲ್ವಾ?"

"ಕಾರಣ ಕೇಳಬಾರದು ಅಂತ ನೀನೇ ಮಾಡಿದೀಯಲ್ಲ ಮಾರಾಯ್ತಿ."

ಇಷ್ಟು ವರ್ಷದಲ್ಲಿ ವಿಮಲಮ್ಮ 'ಇವತ್ತು ನನಗೆ ಆಗಲ್ಲ' ಅಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಈಗಲೂ ಬಾಯಲ್ಲಿ ಅನ್ನಲಿಲ್ಲ. ಕವನಾ ಒಳಗೆ ಹೋಗಿ ರೊಟ್ಟಿ ತಟ್ಟಿದಳು.

ದೀಪಾವಳಿಯ ಕಡುಬು, ಹೋಳಿಗೆ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಪುಟ ತೆರೆಯಲೇ ಇಲ್ಲ. ದೇವರಾಜರ ಫೋನಿನಲ್ಲಿ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು. ಒಲೆ ಹತ್ತಿರಲಿಲ್ಲ. ರಾಜೇಶ್ ತಟ್ಟೆ ಇಟ್ಟುಕೊಂಡು ಕೂತಿದ್ದ.

"ಏನಂತೆ ನಿನ್ನ ಕಂಪ್ಯೂಟರು? ತಿಂಡಿ ಇದೆಯೋ ಇಲ್ಲವೋ?" ಎಂದರು ದೇವರಾಜರು.

ಕವನಾ ಲ್ಯಾಪ್‌ಟಾಪ್ ತೆರೆದು ನೋಡಿದಳು. ಮೊದಲಾಗಿದ್ದರೆ ಹೆದರಿ ಮುಚ್ಚಿಬಿಡುತ್ತಿದ್ದಳು. ಈಗ ಒಂದೊಂದೇ ಸಾಲು ಓದಿಕೊಂಡು ಬಂದಳು, ತಿಳಿಯಿತು. ಅಂದು ಅವಳೂ ಶಾಲಿನಿಯೂ ಒಟ್ಟಿಗೆ ಹೊರಗಾಗಿದ್ದರು, ಇಬ್ಬರೂ ಬಟನ್ ಒತ್ತಿದ್ದರು. ಅತ್ತೆಯೂ ಒತ್ತಿದ್ದರು. ಒಬ್ಬರಿಗೆ ಆಗದಿದ್ದರೆ ಮುಂದಿನವರನ್ನು ಹುಡುಕು, ಸಿಗುವವರೆಗೂ ಹುಡುಕು ಎಂದು ಅವಳು ಬರೆದಿದ್ದಳು. ಪಾಪ, ಅದು ಹುಡುಕುತ್ತಲೇ ಇತ್ತು.

"ಮೂರು ಹೆಸರನ್ನೇ ಸುತ್ತು ಹಾಕ್ತಾ ಇದೆ ಮಾವ. ನಿಲ್ಲೋಕೆ ಅದಕ್ಕೆ ಜಾಗ ಇಲ್ಲ. ನಾಲ್ಕನೇ ಹೆಸರು ನಾನು ಕೊಟ್ಟೇ ಇಲ್ಲ."

ವಿಮಲಮ್ಮ ಎಲೆಯ ತೊಟ್ಟು ಮುರಿಯುತ್ತಾ ಕಿರಿಮಗನ ಕಡೆ ನೋಡಿದರು. ಮೋಹಿತ್ ಕೆಮ್ಮಿದ. "ನಂದು ಹಾಕು" ಅಂದ.

"ಐದನೇದು ಇವರದ್ದು" ಎಂದು ಶಾಲಿನಿ ಹಿತ್ತಲ ಬಾಗಿಲಿಂದ ರಾಜೇಶನ ಕಡೆ ಗಲ್ಲ ಎತ್ತಿ ತೋರಿಸಿದಳು. ರಾಜೇಶ್ ತಟ್ಟೆ ಕೆಳಗಿಟ್ಟು, "ನಂಗೆ ತೋಟದ ಕೆಲಸ ಇದೆ" ಎಂದ. "ನಮಗೂ ಇದೆ" ಎಂದಳು ಶಾಲಿನಿ. ಕವನಾ ಇಬ್ಬರ ಹೆಸರನ್ನೂ ಸೇರಿಸಿದಳು. ಒಮ್ಮೆಯೂ ಮಾಡದವರಿಗೆ ಮೊದಲು ಎಂಬ ನಿಯಮದಂತೆ ಪುಟದಲ್ಲಿ 'ತಿಂಡಿ: ಮೋಹಿತ್' ಎಂದು ಬಂತು. ಅವನು ಮೊಸರವಲಕ್ಕಿ ಕಲಸಿದ. ಉಪ್ಪು ಎರಡು ಸಲ ಹಾಕಿದ್ದ, ಎಲ್ಲರೂ ತಿಂದರು.

ಆ ವಾರದ ಕೊನೆಯಲ್ಲಿ ಕವನಾ ಗಿರಿಯವರ ಮುಂದೆ ಕೂತಳು. ಅವರು ಪುಟವನ್ನು ಅತ್ತ ಇತ್ತ ಒತ್ತಿ ನೋಡಿದರು. "ಐದೂ ಜನ ಆಗಲ್ಲ ಅಂದ್ರೆ?"

"ಒಂದು ಸುತ್ತು ಮುಗಿದ ಕೂಡ್ಲೇ ನಿಲ್ಲುತ್ತೆ ಸರ್. 'ಇವತ್ತು ಹೋಟೆಲ್ಲಿಂದ ತರಿಸಿ' ಅಂತ ಬರುತ್ತೆ."

ಗಿರಿ ನಕ್ಕರು. ಆಮೇಲೆ ಮತ್ತೆ ಅದೇ ಖಾಲಿ ಪರದೆ ತಿರುಗಿಸಿದರು. ಒಂದು ಹೋಂಸ್ಟೇ, ಎಂಟು ರೂಮು, ರಿಪೇರಿಯಲ್ಲಿರುವ ರೂಮು ಬಿಟ್ಟು ಬಂದವರಿಗೆ ರೂಮು ಕೊಡಬೇಕು. ಕವನಾ ಕಾಗದ ಕೇಳಿ ತೆಗೆದುಕೊಂಡು ಏನು ಮೊದಲು, ಏನು ಆಮೇಲೆ ಎಂದು ಬರೆದುಕೊಂಡಳು. ಬರೆಯುತ್ತಿರುವಾಗಲೇ ಕೆಂಪು ಅಕ್ಷರ ಬಂತು. ಓದಿದಳು, ಸರಿಮಾಡಿದಳು, ಮುಂದೆ ಹೋದಳು.

"ನಿಧಾನ ಇದೀರಿ. ಕಲಿಯೋದು ಇನ್ನೂ ಬೇಕಾದಷ್ಟಿದೆ. ಆದ್ರೆ ಎಲ್ಲಿ ನಿಲ್ಲುತ್ತೆ ಅಂತ ಯೋಚ್ನೆ ಮಾಡ್ತೀರಿ. ಸೋಮವಾರ ಬನ್ನಿ" ಎಂದರು ಗಿರಿ.

ಮನೆಯಲ್ಲಿ ಊಟಕ್ಕೆ ಕೂತಾಗ ಕವನಾ ಸುದ್ದಿ ಹೇಳಿದಳು. ಮೋಹಿತನ ಮುಖ ಅರಳಿತು. ಶಾಲಿನಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ದೇವರಾಜರು ಅನ್ನ ಕಲಸುತ್ತಾ ಅಂದರು, "ಸೋಮವಾರವೇ ಕೊಯ್ಲು ಶುರು. ಬೆಳಿಗ್ಗೆ ಆಳುಗಳು ಬರ್ತಾರೆ, ಚಾ ಕ್ಯಾನು ಹೋಗಬೇಕು, ತಿಂಡಿ ಬೇಗ ಆಗಬೇಕು. ನಾನು ಮೊದಲೇ ಹೇಳಿದ್ದೆ."

"ಕೊಯ್ಲಿನೊಳಗೆ ಕೆಲಸ ಸಿಕ್ಕಿದ್ರೆ ಸಿಕ್ತು ಅಂತಾನೂ ಅಂದಿದ್ರಿ ಮಾವ. ಸಿಕ್ಕಿದೆ. ಏಳು ಗಂಟೆ ಬಸ್ಸಿಗೆ ಹೋಗಬೇಕು."

"ಸಿಕ್ಕಿದ್ದು ಸಂತೋಷವೇ. ತಿಂಡಿ ಯಾರು ಮಾಡ್ತಾರೆ?"

"ಅಪ್ಪ" ಎಂದ ಮೋಹಿತ್. ಧ್ವನಿ ಸಣ್ಣದಿತ್ತು, ಆದರೂ ಮುಂದುವರಿಸಿದ. "ಅವಳು ಹೋಗಲಿ. ಮಾಡೋಕೆ ನಾವು ಇಷ್ಟು ಜನ ಇಲ್ವಾ?"

ಕವನಾ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕೇಳಿದಳು, "ಮಾವ, ನಿಮ್ಮ ಹೆಸರೂ ಹಾಕ್ಲಾ?"

ರಾಜೇಶ್ ತಲೆ ಎತ್ತಲೇ ಇಲ್ಲ. ದೇವರಾಜರು ಹೆಂಡತಿಯ ಕಡೆ ನೋಡಿದರು. ಇಂಥ ಮಾತಿಗೆ ಗದರುವುದು ಅವಳ ಕೆಲಸ ಎಂಬಂತೆ.

"ಹಾಕು" ಎಂದರು ವಿಮಲಮ್ಮ. "ಆಗದಿದ್ರೆ ಒತ್ತಲಿಕ್ಕೆ ಬಟನ್ ಇದೆಯಲ್ಲ."

ಸೋಮವಾರ ಬೆಳಿಗ್ಗೆ ಚಾ ಕ್ಯಾನು ತುಂಬಿಸಿಕೊಂಡು ರಾಜೇಶ್ ತೋಟಕ್ಕೆ ಹೋದ. ಕೊಟ್ಟಿಗೆಯಲ್ಲಿ ಶಾಲಿನಿ ಹಾಲು ಕರೆಯುತ್ತಿದ್ದಳು. ಕವನಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದಾಗ ದೇವರಾಜರು ಕನ್ನಡಕ ಹಾಕಿಕೊಂಡು ಫೋನು ಹಿಡಿದು ನಿಂತಿದ್ದರು. ಪುಟದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆಯೂ ಮಾಡದವರಿಗೆ ಮೊದಲು. 'ತಿಂಡಿ: ದೇವರಾಜ.' ಅವರು ಬಟನ್ ಒತ್ತಿದರೆ, ತಿಂಡಿ ಮಾಡಿ ಎಲ್ಲರಿಗಿಂತ ಹೆಚ್ಚು ದಿನವಾದ ತನ್ನ ಹೆಸರೇ ಮುಂದೆ ಬರುತ್ತದೆ ಎಂದೂ ಗೊತ್ತಿತ್ತು. ಬಟನ್ ತನಗೂ ಇತ್ತು, ಆದರೆ ಮಾವ ಒತ್ತಿದ ಮೇಲೆ ಸೊಸೆಯೂ ಒತ್ತಿ ಬಸ್ಸು ಹತ್ತುವುದು ಈ ಮನೆಯಲ್ಲಿ ಆಗುವ ಮಾತಲ್ಲ. ಆಗ ಬ್ಯಾಗು ಕೆಳಗಿಟ್ಟು ಒಲೆಯ ಮುಂದೆ ನಿಲ್ಲಬೇಕು, ಬಸ್ಸು ತಪ್ಪುತ್ತದೆ, ಇವತ್ತು ತಪ್ಪಿದ ಬಸ್ಸು ಎಲ್ಲ ಸೋಮವಾರವೂ ತಪ್ಪುತ್ತದೆ. ತಾನೇ ಬರೆದ ನಿಯಮ, ಯಾರನ್ನು ಬೈಯುವುದು?

ಅವರ ಹೆಬ್ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತ್ತು. ಒಳಗಿನಿಂದ ವಿಮಲಮ್ಮ ನೋಡುತ್ತಿದ್ದರು. ದೇವರಾಜರು ಕನ್ನಡಕ ತೆಗೆದು ಜೇಬಿಗಿಟ್ಟರು, ಫೋನನ್ನು ಕಟ್ಟೆಯ ಮೇಲೆ ಮಗುಚಿ ಇಟ್ಟರು. ಅಂಗಿಯ ತೋಳು ಮಡಿಸುತ್ತಾ ಅಡುಗೆಮನೆಯ ಹೊಸಿಲು ದಾಟಿದರು.

"ನಿಂತು ನೋಡ್ತೀಯಲ್ಲ, ಬಸ್ಸಿಗೆ ಹೊತ್ತಾಗಲ್ವಾ?" ಎಂದರು ತಿರುಗದೆ. "ರವೆ ಯಾವ ಡಬ್ಬೀಲಿದೆ ಅಂತ ಹೇಳಿ ಹೋಗು."